ಕರೆಂಟು ಯಾರ ಕೈಯಲ್ಲಿರಬೇಕು? ದೇಶದ ವಿದ್ಯುತ್ ಭದ್ರತೆ ಮತ್ತು ಒಡೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಕಂಪನಿಯನ್ನು ಮಾರಬೇಕಾ, ಇಟ್ಟುಕೊಳ್ಳಬೇಕಾ ಅನ್ನೋ ಮಾತು ಶುರುವಾದರೆ ಸಾಕು, ಸ್ವಲ್ಪ ಹೊತ್ತಿಗೇ ಅದು ಸಿದ್ಧಾಂತದ ಜಗಳವಾಗಿಬಿಡುತ್ತದೆ. ಒಬ್ಬರಿಗೆ ಸರ್ಕಾರ ಅಂದರೆ ಸೋಮಾರಿತನ, ಇನ್ನೊಬ್ಬರಿಗೆ ಖಾಸಗಿ ಅಂದರೆ ಸುಲಿಗೆ. ಬೇರೆ ಬೇರೆ ದೇಶಗಳಲ್ಲಿ ಎರಡನ್ನೂ ಮಾಡಿ ನೋಡಿದ್ದಾರೆ. ಅಲ್ಲಿ ಏನಾಯಿತು ಅನ್ನೋದನ್ನು ಮುಂದಿಟ್ಟುಕೊಂಡು ಇಲ್ಲಿ ಉತ್ತರ ಕೊಟ್ಟಿದ್ದೇನೆ.

ವಿದ್ಯುತ್ ಭದ್ರತೆ ಅಂದರೆ ಏನು?

ವರ್ಷದ ಲೆಕ್ಕದಲ್ಲಿ ಸಾಕಷ್ಟು ವಿದ್ಯುತ್ ಇದ್ದರೆ ಸಾಲದು. ವರ್ಷದ ಅತಿ ಕೆಟ್ಟ ಗಂಟೆಯಲ್ಲೂ ಇರಬೇಕು. ಭಾರಿ ಚಳಿ, ಭಾರಿ ಸೆಕೆ, ಬರ, ಯುದ್ಧ, ದೊಡ್ಡ ಸ್ಥಾವರವೊಂದು ಏಕಾಏಕಿ ನಿಂತುಹೋದ ರಾತ್ರಿ: ಅಂಥ ಹೊತ್ತಲ್ಲಿ ಆಸ್ಪತ್ರೆ, ನೀರಿನ ಪಂಪು, ಫೋನಿನ ಟವರು ನಡೀತಾ ಇರಬೇಕು.

ಅದಕ್ಕೆ ಮೂರು ಬೇಕು. ಇಂಧನ ಕೈಗೆ ಸಿಗುವಂತಿರಬೇಕು. ಬೇಡಿಕೆಗಿಂತ ಸ್ವಲ್ಪ ಜಾಸ್ತಿ ಉತ್ಪಾದನಾ ಶಕ್ತಿ ತಯಾರಾಗಿ ನಿಂತಿರಬೇಕು. ಆ ವಿದ್ಯುತ್ತನ್ನು ಹೊತ್ತು ತರುವ ಲೈನು, ಸಬ್‌ಸ್ಟೇಷನ್ನು, ಟ್ರಾನ್ಸ್‌ಫಾರ್ಮರು ಗಟ್ಟಿಯಾಗಿರಬೇಕು. ಟಿವಿ ಚರ್ಚೆಗಳಲ್ಲಿ ಮೊದಲನೆಯದರ ಬಗ್ಗೆಯೇ ಮಾತು ಜಾಸ್ತಿ. ದೇಶಗಳು ಕತ್ತಲಲ್ಲಿ ಮುಳುಗಿದ ಉದಾಹರಣೆಗಳಲ್ಲಿ ಮಾತ್ರ ಎಡವಿದ್ದು ಹೆಚ್ಚಾಗಿ ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಸಿಮೆಂಟು, ಬಟ್ಟೆ ಎಲ್ಲವನ್ನೂ ಖಾಸಗಿಯವರೇ ಮಾರುತ್ತಾರೆ. ವಿದ್ಯುತ್ತಿಗೆ ಮಾತ್ರ ಯಾಕೆ ಬೇರೆ ಲೆಕ್ಕ?

ಸಿಮೆಂಟನ್ನು ಗೋದಾಮಿನಲ್ಲಿ ಇಡಬಹುದು. ವಿದ್ಯುತ್ತನ್ನು ಬಳಸುವ ಕ್ಷಣದಲ್ಲೇ ಹುಟ್ಟಿಸಬೇಕು. ಬ್ಯಾಟರಿ ಮತ್ತು ನೀರನ್ನು ಮೇಲಕ್ಕೆ ಪಂಪ್ ಮಾಡಿ ಇಡುವ ಜಲಾಶಯಗಳು ಇವೆ, ನಿಜ. ಆದರೂ ಹೆಚ್ಚಿನ ದೇಶಗಳಲ್ಲಿ ಒಟ್ಟು ಬೇಡಿಕೆಗೆ ಹೋಲಿಸಿದರೆ ಅವು ಇನ್ನೂ ಕಡಿಮೆ. ಉತ್ಪಾದನೆ ಬೇಡಿಕೆಗಿಂತ ಕಡಿಮೆಯಾದರೆ ಗ್ರಿಡ್ಡಿನ (ಸ್ಥಾವರ, ಲೈನುಗಳನ್ನೆಲ್ಲಾ ಬೆಸೆದ ಜಾಲದ) ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನೋ ಲೆಕ್ಕ, 50 ಅಥವಾ 60 ಹರ್ಟ್ಸ್‌ನಿಂದ ಕೆಳಗಿಳಿಯುತ್ತದೆ. ಜಾಸ್ತಿ ಇಳಿದರೆ ಜನರೇಟರುಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಟ್ರಿಪ್ ಆಗುತ್ತವೆ. ಆಗ ಕೊರತೆ ಇನ್ನೂ ಹೆಚ್ಚಿ, ಒಂದರ ಹಿಂದೆ ಒಂದು ಬೀಳುತ್ತಾ ಹೋಗುತ್ತವೆ. 2012ರ ಜುಲೈ 30 ಮತ್ತು 31ರಂದು ಭಾರತದಲ್ಲಿ ಹೀಗೆ ಗ್ರಿಡ್ ಕುಸಿದಾಗ, ಎರಡನೇ ದಿನ 60 ಕೋಟಿಗೂ ಹೆಚ್ಚು ಜನ ಇರುವ ಪ್ರದೇಶ ಕತ್ತಲಾಯಿತು.

ಇನ್ನೊಂದು ವಿಷಯ ಲೈನುಗಳದ್ದು. ಒಂದೇ ಬೀದಿಗೆ ನಾಲ್ಕು ಕಂಪನಿ ನಾಲ್ಕು ಕಂಬ ನೆಟ್ಟು ಪೈಪೋಟಿ ಮಾಡೋಕೆ ಆಗಲ್ಲ. ಹಾಗಾಗಿ ಲೈನು ಯಾರದ್ದೋ ಅವರಿಗೆ ಏಕಸ್ವಾಮ್ಯ ತಾನಾಗಿಯೇ ಬರುತ್ತದೆ. ಅದು ಸರ್ಕಾರದ ಏಕಸ್ವಾಮ್ಯವಾ, ಷೇರುದಾರರ ಏಕಸ್ವಾಮ್ಯವಾ ಅನ್ನೋದಷ್ಟೇ ಆಯ್ಕೆ.

ನೇರವಾಗಿ ಹೇಳಿ: ಸರ್ಕಾರಿ ಒಳ್ಳೆಯದಾ, ಖಾಸಗಿ ಒಳ್ಳೆಯದಾ?

ನನ್ನ ಅಭಿಪ್ರಾಯ ಇದು. ಹೈಟೆನ್ಷನ್ ಲೈನುಗಳು ಮತ್ತು ಗ್ರಿಡ್ ನಡೆಸುವ ಕಂಟ್ರೋಲ್ ರೂಮ್ ಸಾರ್ವಜನಿಕರ ಒಡೆತನದಲ್ಲೇ ಇರಬೇಕು. ಉತ್ಪಾದನೆಯಲ್ಲಿ ಖಾಸಗಿಯವರು ಇರಲಿ, ತೊಂದರೆಯಿಲ್ಲ. ಆದರೆ ಕೆಟ್ಟ ದಿನಕ್ಕಾಗಿ ಸುಮ್ನೆ ನಿಂತಿರುವ ಹೆಚ್ಚುವರಿ ಶಕ್ತಿಯನ್ನು ಯಾರು ಇಡಬೇಕು, ಅದರ ಖರ್ಚು ಯಾರು ಕೊಡಬೇಕು ಅನ್ನೋದು ಕಾನೂನಿನಲ್ಲಿ ಬರೆದಿರಬೇಕು.

ಭದ್ರತೆಯ ಕಥೆ ಪೂರ್ತಿ ಈ ಹೆಚ್ಚುವರಿ ಶಕ್ತಿಯ ಮೇಲೆ ನಿಂತಿದೆ. ಊರಿನ ಅಗ್ನಿಶಾಮಕ ವಾಹನ ವರ್ಷವೆಲ್ಲಾ ಶೆಡ್ಡಿನಲ್ಲೇ ನಿಂತಿದೆ ಅಂತ ಯಾರೂ ಅದನ್ನು ಮಾರಿಬಿಡಿ ಅನ್ನುವುದಿಲ್ಲ ಅಲ್ವಾ? ವರ್ಷದಲ್ಲಿ ಕೆಲವೇ ಗಂಟೆ ಓಡುವ ಸ್ಥಾವರವೂ ಹಾಗೇ. ಅದಕ್ಕೆ ಬೇರೆಯಾಗಿ ಹಣ ಕೊಡದಿದ್ದರೆ ಖಾಸಗಿ ಮಾಲೀಕ ಅದನ್ನು ಮುಚ್ಚುತ್ತಾನೆ. ಸರ್ಕಾರಿ ಮಾಲೀಕ ಮುಚ್ಚಲಾರ, ಆದರೆ ರಿಪೇರಿಗೆ ದುಡ್ಡು ಕೊಡದೆ ತುಕ್ಕು ಹಿಡಿಸುತ್ತಾನೆ. ಎರಡಕ್ಕೂ ಸಾಕ್ಷಿ ಇದೆ. ಮುಂದಿನ ಎರಡು ಉತ್ತರ ನೋಡಿ.

ಟೆಕ್ಸಾಸ್‌ನಲ್ಲಿ 2021ರಲ್ಲಿ ನಡೆದದ್ದೇನು? ಅದು ಖಾಸಗೀಕರಣದ ತಪ್ಪಾ?

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಎರಡೂ ಕಡೆಯವರು ಇದನ್ನು ಅರ್ಧ ಮಾತ್ರ ಹೇಳುತ್ತಾರೆ.

ಟೆಕ್ಸಾಸ್ ರಾಜ್ಯದ ಹೆಚ್ಚಿನ ಭಾಗಕ್ಕೆ ತನ್ನದೇ ಪ್ರತ್ಯೇಕ ಗ್ರಿಡ್ ಇದೆ. ಅಮೆರಿಕದ ಉಳಿದ ಭಾಗದ ಜೊತೆ ಅದರ ಸಂಪರ್ಕ ತುಂಬಾ ಸಣ್ಣದು. ಅಲ್ಲಿನ ಮಾರುಕಟ್ಟೆಯಲ್ಲಿ ಉತ್ಪಾದಕರಿಗೆ ಮಾರಿದ ಯೂನಿಟ್ಟಿಗೆ ಮಾತ್ರ ಹಣ. ತಯಾರಾಗಿ ನಿಂತದ್ದಕ್ಕೆ ಹಣ ಇಲ್ಲ. ಕೊರತೆ ಬಂದಾಗ ದರ ಗಗನಕ್ಕೇರುತ್ತದೆ, ಆ ಆಸೆಯಿಂದಲೇ ಕಂಪನಿಗಳು ತಯಾರಾಗಿರುತ್ತವೆ ಅನ್ನೋದು ಲೆಕ್ಕಾಚಾರ.

2011ರ ಫೆಬ್ರವರಿಯಲ್ಲಿ ಒಮ್ಮೆ ಕಡುಚಳಿ ಬಂದು ಸ್ಥಾವರಗಳು ಹೆಪ್ಪುಗಟ್ಟಿ ನಿಂತಿದ್ದವು. ಚಳಿ ತಡೆಯುವ ಹಾಗೆ ಯಂತ್ರಗಳನ್ನು ಸಜ್ಜು ಮಾಡಿ ಅಂತ ಫೆಡರಲ್ ಸಂಸ್ಥೆಗಳು ವರದಿ ಕೊಟ್ಟವು. ಆದರೆ ಅದು ಕಡ್ಡಾಯ ಆಗಲಿಲ್ಲ. ಹತ್ತು ವರ್ಷ ಕಳೆಯಿತು. 2021ರ ಫೆಬ್ರವರಿ 15ರ ನಸುಕಿನಲ್ಲಿ ಸ್ಥಾವರಗಳು ಮತ್ತೆ ಒಂದೊಂದಾಗಿ ಬೀಳತೊಡಗಿದವು. ಹೆಚ್ಚು ನಿಂತದ್ದು ಅನಿಲ ಸ್ಥಾವರಗಳು. ಗಾಳಿಯಂತ್ರ, ಕಲ್ಲಿದ್ದಲು, ಒಂದು ಪರಮಾಣು ಘಟಕ ಕೂಡ ನಿಂತವು. ಕಂಟ್ರೋಲ್ ರೂಮ್‌ನಲ್ಲಿ, 60 ಇರಬೇಕಾದ ಫ್ರೀಕ್ವೆನ್ಸಿ 59.4 ಹರ್ಟ್ಸ್‌ಗಿಂತ ಕೆಳಗೆ ಇಳಿದು 4 ನಿಮಿಷ 23 ಸೆಕೆಂಡು ಅಲ್ಲೇ ಇತ್ತು. 9 ನಿಮಿಷ ಮುಟ್ಟಿದ್ದರೆ ಉಳಿದ ಜನರೇಟರುಗಳೂ ಟ್ರಿಪ್ ಆಗುತ್ತಿದ್ದವು. ಆಗ ಇಡೀ ಗ್ರಿಡ್ಡನ್ನು ಸೊನ್ನೆಯಿಂದ ಎಬ್ಬಿಸಬೇಕಿತ್ತು. ಅದು ವಾರಗಟ್ಟಲೆಯ ಕೆಲಸ. ಅದನ್ನು ತಪ್ಪಿಸಲು ಆಪರೇಟರುಗಳು ಊರೂರಿಗೇ ಕರೆಂಟು ಕಡಿದರು. 45 ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಾದವು. ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು.

ಹಾಗೆ ಕಡಿಯುವಾಗ ಅನಿಲ ಕೊಳವೆಗಳ ಕಂಪ್ರೆಸರ್‌ಗಳಿಗೆ ಹೋಗುವ ಕರೆಂಟೂ ಕೆಲವೆಡೆ ಹೋಯಿತು. ಅವು 'ಕಡಿಯಬಾರದ' ಪಟ್ಟಿಯಲ್ಲಿ ಇರಲಿಲ್ಲ. ಕಂಪ್ರೆಸರ್ ನಿಂತಾಗ ಸ್ಥಾವರಕ್ಕೆ ಅನಿಲ ಇನ್ನೂ ಕಡಿಮೆಯಾಯಿತು. ಒಂದು ಫಾರಂ ತುಂಬಿಸುವಷ್ಟು ಸಣ್ಣ ಕೆಲಸ ಅದು. ಅದನ್ನು ನೋಡಿಕೊಳ್ಳಬೇಕಾದ ಒಬ್ಬರು ಅಂತ ಇರಲಿಲ್ಲ. ಅನಿಲ ಒಂದು ಇಲಾಖೆ, ವಿದ್ಯುತ್ ಇನ್ನೊಂದು ಇಲಾಖೆ.

ಈಗ ಇನ್ನರ್ಧ. ಆಸ್ಟಿನ್ ಮತ್ತು ಸ್ಯಾನ್ ಆಂಟೋನಿಯೊ ನಗರಗಳ ವಿದ್ಯುತ್ ಸಂಸ್ಥೆಗಳು ನಗರಾಡಳಿತದ ಸ್ವತ್ತು. ಅಲ್ಲೂ ಕರೆಂಟು ಹೋಯಿತು, ಯಾಕೆಂದರೆ ಅವು ಅದೇ ಗ್ರಿಡ್ಡಿನಲ್ಲಿವೆ. ಅದೇ ರಾಜ್ಯದ ಎಲ್ ಪಾಸೊ ನಗರಕ್ಕೆ ಕೊಡುವುದು ಖಾಸಗಿ ಕಂಪನಿ. ಅದು 2011ರ ಪಾಠ ಕಲಿತು ಚಳಿಗೆ ಸಜ್ಜಾಗಿತ್ತು. ಮೇಲಾಗಿ ಅದು ಪಶ್ಚಿಮ ಅಮೆರಿಕದ ದೊಡ್ಡ ಗ್ರಿಡ್ಡಿಗೆ ಸೇರಿದೆ. ಅಲ್ಲಿ ತೊಂದರೆ ತೀರಾ ಕಡಿಮೆ. ಹಾಗಾಗಿ ಟೆಕ್ಸಾಸ್ ಎಡವಿದ್ದು ನಿಯಮ ಇಲ್ಲದ್ದರಿಂದ ಮತ್ತು ಒಂಟಿಯಾಗಿದ್ದರಿಂದ. ಖಾಸಗಿ ಒಡೆತನಕ್ಕೆ ಆ ನಿಯಮ ಇಲ್ಲದಿರುವುದೇ ಅನುಕೂಲವಾಗಿತ್ತು ಅನ್ನೋದೂ ಸುಳ್ಳಲ್ಲ. ಚಳಿಗೆ ಸಜ್ಜಾಗುವುದನ್ನು ಕಡ್ಡಾಯ ಮಾಡುವ ಕಾನೂನು ಬಂದದ್ದು ಆ ಸಾವುಗಳಾದ ಮೇಲೆ, 2021ರಲ್ಲೇ.

ಹಾಗಾದರೆ ಎಲ್ಲಾ ಸರ್ಕಾರದ ಕೈಯಲ್ಲಿದ್ದರೆ ಸರಿಹೋಗುತ್ತದಾ?

ದಕ್ಷಿಣ ಆಫ್ರಿಕಾದ ಎಸ್ಕಾಂ ನೋಡಿ. ದೇಶದ ಬಹುಪಾಲು ವಿದ್ಯುತ್ತನ್ನು ಹುಟ್ಟಿಸುವ ಸರ್ಕಾರಿ ಕಂಪನಿ. 2007ರ ಹೊತ್ತಿಗೆ ಕೊರತೆ ಬರುತ್ತದೆ ಅಂತ 1998ರಲ್ಲೇ ಸರ್ಕಾರದ ನೀತಿ ಪತ್ರ ಹೇಳಿತ್ತು. ಆದರೆ ಹೊಸ ಸ್ಥಾವರ ಖಾಸಗಿಯವರು ಕಟ್ಟಲಿ ಅಂತ ಸರ್ಕಾರ ಎಸ್ಕಾಂನ ಕೈ ಕಟ್ಟಿತು. ಖಾಸಗಿಯವರೂ ಬರಲಿಲ್ಲ, ಆಗಿನ ದರದಲ್ಲಿ ಅವರಿಗೆ ಗಿಟ್ಟುತ್ತಿರಲಿಲ್ಲ. ಹೇಳಿದ ಹೊತ್ತಿಗೇ ಕೊರತೆ ಬಂತು. ಎಸ್ಕಾಂ ಹೇಳಿದ್ದು ಸರಿ, ನಾವು ತಪ್ಪು ಮಾಡಿದೆವು ಅಂತ ಅಧ್ಯಕ್ಷ ಥಾಬೊ ಎಂಬೆಕಿ 2007ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರು.

ಆಮೇಲೆ ಅವಸರದಲ್ಲಿ ಶುರುವಾದದ್ದು ಮೆಡುಪಿ, ಕುಸಿಲೆ ಅನ್ನುವ ಎರಡು ದೈತ್ಯ ಕಲ್ಲಿದ್ದಲು ಸ್ಥಾವರಗಳು. 2007ರಲ್ಲಿ ಕೆಲಸ ಶುರುವಾದ ಮೆಡುಪಿಯ ಎಲ್ಲಾ ಘಟಕ ಮುಗಿದದ್ದು 2021ರಲ್ಲಿ. ಮುಗಿದ ಕೆಲವೇ ದಿನಕ್ಕೆ ಒಂದು ಘಟಕದ ಜನರೇಟರ್ ಸ್ಫೋಟಗೊಂಡಿತು. ನಡುವೆ ಹಳೆಯ ಸ್ಥಾವರಗಳನ್ನು ರಿಪೇರಿಗೂ ನಿಲ್ಲಿಸದೆ ಓಡಿಸಿದರು. ಗುತ್ತಿಗೆಗಳಲ್ಲಿ ನಡೆದ ಲೂಟಿಯನ್ನು ನ್ಯಾಯಾಂಗ ತನಿಖಾ ಆಯೋಗ ದಾಖಲಿಸಿತು. 2023ರಲ್ಲಿ ವರ್ಷದ ಬಹುತೇಕ ದಿನ ಲೋಡ್ ಶೆಡ್ಡಿಂಗ್. ಸರ್ಕಾರಿ ಒಡೆತನ ಅನ್ನೋದು ಇಲ್ಲಿ ಜನರನ್ನು ಕಾಪಾಡಲಿಲ್ಲ, ಯಾಕೆಂದರೆ ಮಾಲೀಕನಾದ ಸರ್ಕಾರವೇ ಹೂಡಿಕೆ ತಡೆಯಿತು.

ಫ್ರಾನ್ಸಿನದು ಬೇರೆ ಥರ. 1946ರಲ್ಲಿ ರಾಷ್ಟ್ರೀಕರಣವಾಗಿ ಹುಟ್ಟಿದ ಇಡಿಎಫ್, 1973ರ ತೈಲ ಆಘಾತದ ನಂತರ ಸಾಲಾಗಿ ಪರಮಾಣು ಸ್ಥಾವರ ಕಟ್ಟಿತು. ಅಷ್ಟು ದೊಡ್ಡ ಕೆಲಸವನ್ನು ಅಷ್ಟು ಬೇಗ ಮಾಡಿದ ಖಾಸಗಿ ಕಂಪನಿ ನನಗಂತೂ ಗೊತ್ತಿಲ್ಲ. ಈಗಲೂ ಆ ದೇಶದ ಸುಮಾರು ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ವಿದ್ಯುತ್ ಅಲ್ಲಿಂದಲೇ. ಆದರೆ ಒಂದೇ ಬಗೆಯ ಸ್ಥಾವರ ಅಂದರೆ ಒಂದೇ ಬಗೆಯ ದೋಷ. 2022ರಲ್ಲಿ ಕೊಳವೆಗಳಲ್ಲಿ ಬಿರುಕು ಕಂಡಾಗ, ಇತರ ರಿಪೇರಿಗಳೂ ಸೇರಿ, 56ರಲ್ಲಿ ಅರ್ಧಕ್ಕೂ ಹೆಚ್ಚು ರಿಯಾಕ್ಟರುಗಳು ಒಂದೇ ಹೊತ್ತಿಗೆ ನಿಂತಿದ್ದವು. ಯುರೋಪಿಗೆ ವಿದ್ಯುತ್ ಮಾರುತ್ತಿದ್ದ ದೇಶ ಆ ವರ್ಷ ಕೊಳ್ಳುವ ದೇಶವಾಯಿತು. ಷೇರುಪೇಟೆಯಲ್ಲಿದ್ದ ಪಾಲನ್ನೂ ಕೊಂಡು ಸರ್ಕಾರ 2023ರ ಜೂನ್‌ನಲ್ಲಿ ಇಡಿಎಫ್ ಅನ್ನು ಪೂರ್ತಿ ತನ್ನದಾಗಿಸಿಕೊಂಡಿತು.

ಮಾರುಕಟ್ಟೆ ಅಂದರೆ ಖಾಸಗೀಕರಣ ಅಂತಲೇ ಅಲ್ವಾ?

ಅಲ್ಲ. ಈ ಎರಡನ್ನು ಬೆರೆಸುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ನಾರ್ವೆಯ ವಿದ್ಯುತ್ ಬಹುತೇಕ ಜಲವಿದ್ಯುತ್. ಆ ಸ್ಥಾವರಗಳಲ್ಲಿ ಸುಮಾರು ಶೇ. 90ರಷ್ಟು ಸಾಮರ್ಥ್ಯ ಕೇಂದ್ರ ಸರ್ಕಾರ, ಪ್ರಾಂತ್ಯ, ಪುರಸಭೆಗಳ ಒಡೆತನದಲ್ಲಿದೆ. ಹಾಗಿದ್ದೂ ನಾರ್ವೆ 1990ರಲ್ಲೇ ಕಾನೂನು ತಂದು ವಿದ್ಯುತ್ ಮಾರುಕಟ್ಟೆ ತೆರೆಯಿತು. ಸಾರ್ವಜನಿಕ ಕಂಪನಿಗಳೇ ಅಲ್ಲಿ ಒಂದಕ್ಕೊಂದು ಪೈಪೋಟಿ ನಡೆಸುತ್ತವೆ. ಹೈಟೆನ್ಷನ್ ಗ್ರಿಡ್ ಸ್ಟಾಟ್‌ನೆಟ್ ಅನ್ನುವ ಸರ್ಕಾರಿ ಸಂಸ್ಥೆಯದ್ದು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೊರಗಿನ ಬಂಡವಾಳ ಅಲ್ಲಿನ ಜಲಪಾತಗಳನ್ನು ಕೊಳ್ಳೋಕೆ ಬಂದಾಗ ನಾರ್ವೆ ಮಾಡಿದ ನಿಯಮ ನನಗೆ ತುಂಬಾ ಹಿಡಿಸುತ್ತದೆ. ಕಟ್ಟಿ, ನಡೆಸಿ, ಲಾಭ ಮಾಡಿಕೊಳ್ಳಿ. ಲೈಸೆನ್ಸಿನ ಅವಧಿ ಮುಗಿದ ಮೇಲೆ ಜಲಪಾತವೂ ಸ್ಥಾವರವೂ ಬಿಡಿಗಾಸು ಕೊಡದೆ ಸರ್ಕಾರಕ್ಕೆ ಬರಬೇಕು. ಖಾಸಗಿ ಹಣವನ್ನು ಬಳಸಿಕೊಂಡೂ ಆಸ್ತಿ ಕಳೆದುಕೊಳ್ಳದ ದಾರಿ ಅದು. ಎಲ್ಲಾ ಸುಖವಾಗಿದೆ ಅಂತಲ್ಲ. 2022ರಲ್ಲಿ ಯುರೋಪಿನ ದರ ಏರಿದಾಗ ಕೇಬಲ್‌ಗಳ ಮೂಲಕ ಬೆಸೆದುಕೊಂಡ ದಕ್ಷಿಣ ನಾರ್ವೆಯಲ್ಲೂ ದರ ಏರಿತು, ಮನೆಗಳ ಬಿಲ್ಲಿಗೆ ಸರ್ಕಾರ ನೆರವು ಕೊಡಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಏನಾಗಿತ್ತು?

2000-01ರಲ್ಲಿ ಅಲ್ಲಿನ ದೊಡ್ಡ ವಿತರಣಾ ಕಂಪನಿಗಳು ತಮ್ಮ ಬಹಳಷ್ಟು ಸ್ಥಾವರ ಮಾರಿದ್ದವು. ದಿನದಿನದ ಮಾರುಕಟ್ಟೆಯಲ್ಲಿ ಕೊಂಡು, ಮನೆಗಳಿಗೆ ನಿಗದಿ ದರದಲ್ಲಿ ಮಾರಬೇಕಿತ್ತು. ಎನ್ರಾನ್‌ನಂಥ ವ್ಯಾಪಾರಿಗಳು ಕೃತಕ ಕೊರತೆ, ಸುಳ್ಳು ಲೈನ್ ಬುಕಿಂಗ್ ಮಾಡಿ ದರ ಏರಿಸಿದರು. ಆ ವಿತರಣಾ ಕಂಪನಿಗಳಲ್ಲಿ ಒಂದಾದ ಪಿಜಿ ಆಂಡ್ ಇ ದಿವಾಳಿ ಅರ್ಜಿ ಹಾಕಿತು. ಕೊನೆಗೆ ರಾಜ್ಯ ಸರ್ಕಾರವೇ ವಿದ್ಯುತ್ ಕೊಂಡು ಹಂಚಬೇಕಾಯಿತು. ತನ್ನ ಸ್ಥಾವರಗಳನ್ನು ಮಾರದೆ ಇಟ್ಟುಕೊಂಡಿದ್ದ ಲಾಸ್ ಏಂಜಲೀಸ್ ನಗರದ ಸ್ವಂತ ಸಂಸ್ಥೆ ತನ್ನ ಗ್ರಾಹಕರನ್ನು ಕತ್ತಲಿಗೆ ತಳ್ಳಲಿಲ್ಲ.

ವಿದೇಶಿ ಕಂಪನಿ ಮಾಲೀಕನಾದರೆ ಅಪಾಯವಾ?

ಯಾವ ಆಸ್ತಿ ಅನ್ನೋದರ ಮೇಲೆ ಇದೆ. ಒಂದು ಸೋಲಾರ್ ಪಾರ್ಕ್ ಯಾರದ್ದಾದರೂ ಏನು? ಇಂಧನದ ಸಂಗ್ರಹಾಗಾರ ಮತ್ತು ಗ್ರಿಡ್ ಆದರೆ ಬೇರೆ ಮಾತು.

ಜರ್ಮನಿಯ ರೇಡೆನ್‌ನಲ್ಲಿ ನೆಲದಡಿಯ ಅನಿಲ ಸಂಗ್ರಹಾಗಾರ ಇದೆ. ಆ ದೇಶದಲ್ಲೇ ದೊಡ್ಡದು. ಅದು ರಷ್ಯಾದ ಗಾಜ್‌ಪ್ರೋಮ್‌ಗೆ ಸೇರಿದ ಕಂಪನಿಯ ಕೈಯಲ್ಲಿತ್ತು. ಚಳಿಗಾಲಕ್ಕೆ ಮುಂಚೆ ತುಂಬಿಸಬೇಕಾದ ಅದನ್ನು 2021ರಲ್ಲಿ ಹೆಚ್ಚುಕಡಿಮೆ ಖಾಲಿ ಬಿಟ್ಟರು. ಕಾನೂನು ಮುರಿದಂತಲ್ಲ, ತುಂಬಿಸಲೇಬೇಕು ಅನ್ನುವ ಕಾನೂನೇ ಇರಲಿಲ್ಲ. ಉಕ್ರೇನ್ ಯುದ್ಧ ಶುರುವಾದ ಮೇಲೆ ಜರ್ಮನ್ ಸರ್ಕಾರ ಆ ಕಂಪನಿಯ ಆಡಳಿತವನ್ನು ವಶಕ್ಕೆ ತೆಗೆದುಕೊಂಡಿತು, ತುಂಬಿಸುವುದನ್ನು ಕಡ್ಡಾಯ ಮಾಡಿತು. ರಷ್ಯಾದ ಅನಿಲವನ್ನೇ ನೆಚ್ಚಿಕೊಂಡಿದ್ದ ಯೂನಿಪರ್ ಕಂಪನಿಯನ್ನೂ 2022ರ ಕೊನೆಯಲ್ಲಿ ರಾಷ್ಟ್ರೀಕರಣ ಮಾಡಿತು.

ಇಲ್ಲಿ ಗಮನಿಸಿ: ಗಾಜ್‌ಪ್ರೋಮ್ ಕೂಡ ಸರ್ಕಾರಿ ಕಂಪನಿಯೇ, ಬೇರೆ ದೇಶದ ಸರ್ಕಾರದ್ದು. ಬ್ರಿಟನ್ ಖಾಸಗೀಕರಣ ಮಾಡಿದ ಪರಮಾಣು ಸ್ಥಾವರಗಳನ್ನು 2009ರಲ್ಲಿ ಕೊಂಡದ್ದು ಫ್ರೆಂಚ್ ಸರ್ಕಾರದ ಇಡಿಎಫ್. ಮಾರುವಾಗ 'ಖಾಸಗಿ' ಅಂತ ಹೇಳಿದ್ದು ಎಷ್ಟೋ ಸಲ ಇನ್ನೊಂದು ದೇಶದ ಖಜಾನೆಗೆ ಸೇರುತ್ತದೆ. 2018ರಲ್ಲಿ ಚೀನಾದ ಸ್ಟೇಟ್ ಗ್ರಿಡ್ ಜರ್ಮನಿಯ 50ಹರ್ಟ್ಸ್ ಗ್ರಿಡ್ ಕಂಪನಿಯಲ್ಲಿ ಪಾಲು ಕೊಳ್ಳಲು ಬಂದಾಗ, ಜರ್ಮನ್ ಸರ್ಕಾರ ತನ್ನ ಬ್ಯಾಂಕಿನ ಮೂಲಕ ಆ ಶೇ. 20 ಪಾಲನ್ನು ತಾನೇ ಕೊಂಡಿತು. ಸರಿಯಾದ ಕೆಲಸ.

ನಷ್ಟವಾದರೆ ಖಾಸಗಿ ಕಂಪನಿಯೇ ಹೊರುತ್ತದೆ, ಜನರ ಹಣ ಉಳಿಯುತ್ತದೆ. ಇದು ಲಾಭವಲ್ಲವೇ?

ಕಾಗದದ ಮೇಲೆ ಹೌದು. ನಡೆದದ್ದು ಬೇರೆ. ಬ್ರಿಟನ್ 1996ರಲ್ಲಿ ಮಾರಿದ ಬ್ರಿಟಿಷ್ ಎನರ್ಜಿ 2002ರಲ್ಲಿ ಸಾಲ ಕೇಳಿಕೊಂಡು ಸರ್ಕಾರದ ಬಾಗಿಲಿಗೆ ಬಂತು. ಫುಕುಶಿಮಾ ದುರಂತದ ನಂತರ ಜಪಾನಿನ ಟೆಪ್ಕೊ ಕಂಪನಿಯನ್ನು 2012ರಲ್ಲಿ ಸರ್ಕಾರವೇ ಹೊತ್ತುಕೊಂಡಿತು. ಪರಮಾಣು ಸ್ಥಾವರವನ್ನು ದಿವಾಳಿ ಅಂತ ಬೀಗ ಹಾಕಿ ಹೋಗೋಕೆ ಆಗಲ್ಲ.

ಒಪ್ಪಂದಗಳ ಕಥೆ ಇನ್ನೂ ಕಷ್ಟದ್ದು. ಪಾಕಿಸ್ತಾನ 1994ರ ನೀತಿಯಿಂದ ಶುರುಮಾಡಿ ಖಾಸಗಿ ಉತ್ಪಾದಕರನ್ನು ಕರೆಯಿತು. ಸ್ಥಾವರ ಓಡಿದರೂ ಓಡದಿದ್ದರೂ ಸಾಮರ್ಥ್ಯ ಶುಲ್ಕ ಕೊಡುತ್ತೇವೆ, ಅದೂ ಡಾಲರ್ ಲೆಕ್ಕದಲ್ಲಿ, ಸರ್ಕಾರದ ಖಾತರಿಯೊಂದಿಗೆ ಅಂತ ಬರೆದುಕೊಟ್ಟಿತು. ಸ್ಥಾವರಗಳು ಬಂದವು. ಮುಂದೆ ಇನ್ನಷ್ಟು ಬಂದವು, ರೂಪಾಯಿ ಬಿತ್ತು, ಬಳಸದ ವಿದ್ಯುತ್ತಿನ ಬಿಲ್ಲು ಬಳಸುವವರ ತಲೆಮೇಲೆ ಬಂತು. 2024ರಲ್ಲಿ ಐದು ಹಳೆಯ ಒಪ್ಪಂದಗಳನ್ನು ಅವಧಿಗೆ ಮುಂಚೆ ಮುಗಿಸಬೇಕಾಯಿತು. ನಾನು ಮೇಲೆ ಹೆಚ್ಚುವರಿ ಶಕ್ತಿಗೆ ಹಣ ಕೊಡಬೇಕು ಅಂದೆ. ಎಷ್ಟು ಬೇಕು ಅಂತ ಲೆಕ್ಕ ಹಾಕದೆ, ಯಾವ ನಾಣ್ಯದಲ್ಲಿ ಅಂತ ಯೋಚಿಸದೆ ಕೊಟ್ಟರೆ ಹೀಗಾಗುತ್ತದೆ.

ಯುದ್ಧ, ಸೈಬರ್ ದಾಳಿ ಬಂದರೆ ಒಡೆತನದಿಂದ ವ್ಯತ್ಯಾಸ ಆಗುತ್ತದಾ?

ಜನ ಮತ್ತು ತಯಾರಿ ಇದ್ದರೆ ಸರ್ಕಾರಿ, ಖಾಸಗಿ ಎರಡೂ ತಡೆದುಕೊಳ್ಳುತ್ತವೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಮೇಲೆ ಸೈಬರ್ ದಾಳಿಯಾಯಿತು. ಕಂಟ್ರೋಲ್ ರೂಮ್‌ನಲ್ಲಿ ಕೂತ ಆಪರೇಟರ್ ಕಣ್ಣೆದುರೇ ಪರದೆಯ ಬಾಣ ತಾನಾಗಿ ಓಡಾಡಿ ಬ್ರೇಕರುಗಳನ್ನು (ಲೈನಿನ ದೊಡ್ಡ ಸ್ವಿಚ್ಚುಗಳನ್ನು) ಆಫ್ ಮಾಡುತ್ತಿತ್ತು. ಮೌಸ್ ಹಿಡಿದು ಎಳೆದರೂ ಪ್ರಯೋಜನ ಇರಲಿಲ್ಲ. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ಕೆಲವೇ ಗಂಟೆಯಲ್ಲಿ ವಾಪಸ್ ಬಂದದ್ದು ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದ್ದರಿಂದ. ಖರ್ಚು ಉಳಿಸೋಕೆ ಅಂತ ಆ ಲೈನ್‌ಮನ್‌ಗಳನ್ನು ಮೊದಲೇ ಮನೆಗೆ ಕಳಿಸಿದ್ದರೆ?

2022ರ ನಂತರ ಅದೇ ದೇಶದಲ್ಲಿ ಸರ್ಕಾರಿ ಗ್ರಿಡ್ ಸಂಸ್ಥೆ ಉಕ್ರೆನೆರ್ಗೊ ಮತ್ತು ಖಾಸಗಿ ಡಿಟೆಕ್ ಎರಡೂ ಕ್ಷಿಪಣಿ ಬಿದ್ದ ಜಾಗಗಳಲ್ಲಿ ರಿಪೇರಿ ಮಾಡುತ್ತಾ ಬಂದಿವೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಆರ್ಡರ್ ಕೊಟ್ಟರೆ ಬರಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಬಹುದು. ಬಿಡಿ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳುವುದು ಕಡ್ಡಾಯವಾ ಅಂತ ಯಾವುದೇ ದೇಶದ ನಾಗರಿಕರು ಕೇಳಲೇಬೇಕು.

ಖಾಸಗಿಯಾದರೆ ಬಿಲ್ ಕಡಿಮೆಯಾಗುತ್ತದಾ?

ಖಾತರಿ ಇಲ್ಲ. ಕಳ್ಳತನ, ಸೋರಿಕೆ ಕಡಿಮೆಯಾಗಬಹುದು. ಇನ್ನೊಂದು ಕಡೆ ಲಾಭಾಂಶ ಸೇರುತ್ತದೆ, ಸಾಲದ ಬಡ್ಡಿ ಸಾಮಾನ್ಯವಾಗಿ ಸರ್ಕಾರಕ್ಕಿಂತ ಜಾಸ್ತಿ. ಚುನಾವಣೆಗೆ ಮುಂಚೆ ದರ ಹಿಡಿದಿಟ್ಟು ಕಂಪನಿಯನ್ನು ಸೊರಗಿಸುವ ಚಟ ಸರ್ಕಾರಗಳಿಗೆ ಇದೆ. ಬಡವರಿಗೆ ಕಡಿಮೆ ದರದಲ್ಲಿ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಹಣವನ್ನು ಬಜೆಟ್ಟಿನಿಂದ ಹೊತ್ತಿಗೆ ಸರಿಯಾಗಿ ಕಂಪನಿಗೆ ಕೊಡಬೇಕು, ಅಷ್ಟೇ.

ಒಮ್ಮೆ ಮಾರಿದ್ದನ್ನು ವಾಪಸ್ ಪಡೆಯಬಹುದಾ?

ಪಡೆಯಬಹುದು, ದುಬಾರಿ. ಹ್ಯಾಂಬರ್ಗ್ ನಗರ ತನ್ನ ವಿದ್ಯುತ್ ಜಾಲವನ್ನು ಮಾರಿತ್ತು. 2013ರ ಸೆಪ್ಟೆಂಬರ್‌ನಲ್ಲಿ ಜನಮತಗಣನೆಯಲ್ಲಿ ಶೇ. 50.9 ಜನ ವಾಪಸ್ ಕೊಳ್ಳಿ ಅಂದರು, ನಗರ ಕೊಂಡಿತು. ಖಾಸಗೀಕರಣದ ತವರಾದ ಬ್ರಿಟನ್ ಕೂಡ ಗ್ರಿಡ್ ನಡೆಸುವ ಕೆಲಸವನ್ನು 2024ರ ಅಕ್ಟೋಬರ್ 1ರಿಂದ ಸಾರ್ವಜನಿಕ ಸಂಸ್ಥೆಗೆ ತಂದಿದೆ. ತಂತಿ ಇನ್ನೂ ಖಾಸಗಿಯವರದ್ದು, ಆದರೆ ಉತ್ಪಾದನೆ ಮತ್ತು ಬೇಡಿಕೆಯನ್ನು ಹೊಂದಿಸುವ ಕೆಲಸ, ಮುಂದೆ ಎಲ್ಲಿ ಏನು ಕಟ್ಟಬೇಕು ಅನ್ನುವ ಯೋಜನೆ ಖಾಸಗಿ ಷೇರುದಾರರಿಲ್ಲದ ಸಂಸ್ಥೆಯದ್ದು.

ಮನೆಮನೆಗೆ ಸೋಲಾರ್, ಬ್ಯಾಟರಿ ಬಂದ ಮೇಲೆ ಈ ಚರ್ಚೆಯೇ ಬೇಡ ಅಲ್ವಾ?

ಬೇಕು. ಚಾವಣಿ ಸೋಲಾರ್ ಇರುವವರೂ ರಾತ್ರಿಗೆ, ಮೋಡದ ವಾರಕ್ಕೆ ಗ್ರಿಡ್ಡನ್ನೇ ನೆಚ್ಚಿರುತ್ತಾರೆ. ಒಡೆತನ ಚೂರುಚೂರಾದಷ್ಟೂ ಎಲ್ಲವನ್ನೂ ಹೊಂದಿಸುವ ಕಂಟ್ರೋಲ್ ರೂಮ್‌ನ ಕೆಲಸ ಕಷ್ಟವಾಗುತ್ತದೆ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ಹೈಟೆನ್ಷನ್ ಟವರುಗಳು ಉರುಳಿದವು. ವೋಲ್ಟೇಜ್ ಮತ್ತೆ ಮತ್ತೆ ಕುಸಿದಾಗ ಹಲವು ಗಾಳಿಯಂತ್ರಗಳು ಉತ್ಪಾದನೆ ಇಳಿಸಿದವು. ಅವುಗಳಲ್ಲಿ ಹಾಗೊಂದು ಸೆಟ್ಟಿಂಗ್ ಇದೆ ಅಂತ ಗ್ರಿಡ್ ನಡೆಸುವವರಿಗೆ ಗೊತ್ತೇ ಇರಲಿಲ್ಲ. ಪಕ್ಕದ ರಾಜ್ಯದ ಲೈನಿನ ಮೇಲೆ ಹೊರೆ ಬಿದ್ದು ಅದೂ ಟ್ರಿಪ್ ಆಯಿತು, ಇಡೀ ರಾಜ್ಯ ಕತ್ತಲಾಯಿತು. ಮರುವರ್ಷ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವಾಟ್ ಬ್ಯಾಟರಿ ಬಂತು. ಆಗ ಅದು ಜಗತ್ತಿನಲ್ಲೇ ದೊಡ್ಡ ಲಿಥಿಯಂ ಬ್ಯಾಟರಿ. ಮಾಲೀಕರು ನಿಯೋಎನ್ ಅನ್ನುವ ಫ್ರೆಂಚ್ ಖಾಸಗಿ ಕಂಪನಿ. ಆದರೆ 70 ಮೆಗಾವಾಟ್ ಗ್ರಿಡ್ಡಿನ ಭದ್ರತೆಗೇ ಮೀಸಲು ಅಂತ ರಾಜ್ಯ ಸರ್ಕಾರ ಒಪ್ಪಂದದಲ್ಲೇ ಬರೆಸಿಕೊಂಡಿತು, ಅದಕ್ಕೆ ಹಣ ಕೊಟ್ಟಿತು. ಉಳಿದ 30 ಮೆಗಾವಾಟಿನಲ್ಲಿ ಕಂಪನಿ ತನ್ನ ವ್ಯಾಪಾರ ಮಾಡಿಕೊಂಡಿತು.